ಬೊಮ್ಮನಹಾಳಿನ ಬಾನಿಯ ಅಂಜೂರ

ಬಳ್ಳಾರಿಯಿಂದ ದಕ್ಷಿಣದ ಕಡೆ ಹೊರಟು ರಾಜ್ಯದ ಗಡಿ ದಾಟಿದರೆ ಬೊಮ್ಮನಹಾಳ್ ಸಿಗುತ್ತದೆ. ಗಡಿ ದಾಟಿದ್ದು ನಮಗೆ ತಿಳಿಯುವುದು ಅಂಗಡಿಗಳ ಬೋರ್ಡಿನಿಂದ. ಅಲ್ಲಿಯವರೆಗೆ ಕನ್ನಡದಲ್ಲಿದ್ದ ಹೆಸರುಗಳು ತೆಲುಗಿಗೆ ತಿರುಗುತ್ತವೆ. ಆದರೆ ಕಟ್ಟೆಯ ಮೇಲೆ ಕುಳಿತವರ ಮಾತು ತಿರುಗುವುದಿಲ್ಲ. ರಾಯದುರ್ಗ ತಾಲೂಕಿನ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಅಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಿತು. ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಇಂದಿಗೂ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಕನ್ನಡದಲ್ಲೇ ಜಗಳವಾಡುವ ಮನೆಗಳಿವೆ. ಇದೇ ರೀತಿ ಕನ್ನಡವಾಡುವ ಇನ್ನೊಂದು ಸೀಮೆ ಮಡಕಶಿರಾ. ಅದು ಹಿಂದೆ ಇದೇ ಅನಂತಪುರ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಹೊಸದಾಗಿ ಆದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ನಮ್ಮ ಧರ್ಮಕೇಂದ್ರದ ಮೂರು ಕುಟುಂಬಗಳವರು ಒಂದೇ ವರ್ಷದಲ್ಲಿ ಮೂರು ಸಾರಿ ಬೊಮ್ಮನಹಾಳಿಗೆ ಹೋಗಿಬಂದೆವು. ನಮ್ಮಲ್ಲೊಬ್ಬರ ಸೋದರತ್ತೆ ಅಲ್ಲಿಯ ಹತ್ತಿರದ ಒಂದು ಹಳ್ಳಿಯಲ್ಲಿದ್ದಾರೆ. ಅವರನ್ನು ನೋಡುವುದು ಒಂದು ಕಾರಣ. ಅವರ ಮನೆಯ ಮುಂದಿನ ಅಂಜೂರದ ಗಿಡದ ಸುದ್ದಿ ಕೇಳಿ ಕೇಳಿ, ಅದನ್ನೊಮ್ಮೆ ಕಣ್ಣಾರೆ ನೋಡಬೇಕೆನ್ನುವುದು ಇನ್ನೊಂದು ಕಾರಣ. ಅವರಿಗೆ ಹೊಲವಿಲ್ಲ, ಹಿತ್ತಲಿಲ್ಲ. ಬೀದಿಗೆ ಅಂಟಿಕೊಂಡ ಎರಡು ಕೋಣೆಯ ಮನೆ, ಅದರ ಮುಂದೆ ನಾಲ್ಕು ಅಡಿ ಜಗುಲಿ. ಅಷ್ಟರಲ್ಲಿ ಹಣ್ಣಿನ ಮರ ಎಲ್ಲಿಂದ ಬಂತು ಎಂದು ನಮಗೆ ಅಚ್ಚರಿ.

ಮೊದಲು ಊರಿನ ಬಗ್ಗೆ ಹೇಳಬೇಕು, ಇಲ್ಲವಾದರೆ ಆ ಗಿಡದ ಬೆಲೆ ಗೊತ್ತಾಗುವುದಿಲ್ಲ.

ಪಶ್ಚಿಮ ಘಟ್ಟಗಳು ಮಳೆಯನ್ನೆಲ್ಲಾ ತಡೆದುಕೊಂಡ ಮೇಲೆ ಉಳಿಯುವ ಒಣಗಾಳಿ ಈ ಸೀಮೆಯ ಪಾಲು. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಹಗರಿ ಎಂದು ನಾವು ಕರೆಯುವ ವೇದಾವತಿ ನದಿ ಈ ಕಡೆಯೇ ಹರಿಯುತ್ತದೆ. ಹರಿಯುತ್ತದೆ ಎನ್ನುವುದು ನಕಾಶೆಯ ಮಾತು. ಮೇಲೆ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ, ಆಮೇಲೆ ರಾಯದುರ್ಗದ ಕಡೆ ಭೈರವಾನಿತಿಪ್ಪ ಅಣೆಕಟ್ಟು. ಅವೆರಡನ್ನೂ ದಾಟಿ ನೀರು ಬರುವುದು ಅಪರೂಪ. ವರ್ಷದ ಬಹುಕಾಲ ಹಗರಿ ಎಂದರೆ ಅಗಲವಾದ ಮರಳಿನ ಹಾಸು. ಆಷಾಢದ ಗಾಳಿ ಎದ್ದಾಗ ಆ ಮರಳೂ ಏಳುತ್ತದೆ. ಗೋವಿಂದವಾಡ, ದರ್ಗಾ ಹೊನ್ನೂರು, ಆಚೆ ಕಣೇಕಲ್ಲಿನ ಕಡೆ ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಮರಳು ಕುಳಿತಿದೆ. ರಾಜಸ್ಥಾನದ ಚಿತ್ರಗಳಲ್ಲಿ ಕಾಣುವಂಥ ಮರಳುಗುಡ್ಡ ಬಳ್ಳಾರಿಗೆ ಇಷ್ಟು ಹತ್ತಿರದಲ್ಲಿದೆ ಎಂದರೆ ನಮ್ಮೂರಿನವರೇ ನಂಬುವುದಿಲ್ಲ.

ಹಾಗೆಂದು ಎಲ್ಲಾ ಕಡೆ ಬರಡಲ್ಲ. ತುಂಗಭದ್ರೆಯ ಮೇಲ್ದಂಡೆ ಕಾಲುವೆ ಇಲ್ಲಿ ಹಾದುಹೋಗುತ್ತದೆ. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಬೊಮ್ಮನಹಾಳ್, ಕಣೇಕಲ್ಲುಗಳಲ್ಲಿ ಭತ್ತದ ಹಸಿರು ಕಣ್ಣಿಗೆ ಹಬ್ಬ. ಒಂದು ಕಡೆ ಮರಳು ಹಾರುತ್ತದೆ, ಇನ್ನೊಂದು ಕಡೆ ನಾಟಿ ನಡೆಯುತ್ತದೆ. ಆದರೆ ಕಾಲುವೆಯ ಪುಣ್ಯ ಹೊಲ ಇದ್ದವರಿಗೆ. ಕೂಲಿಯವರ ಮನೆಗೆ ಸಿಗುವುದು ಬೀದಿಯ ನಲ್ಲಿ, ಅಥವಾ ಬೋರ್‌ವೆಲ್ಲಿನ ಸವಳು ನೀರು. ಬಿಂದಿಗೆಯ ಒಳಗೆ ಬಿಳಿಯ ಪೊರೆ ಕಟ್ಟಿರುವುದನ್ನು ನೋಡಿದರೆ ಆ ನೀರಿನ ಗುಣ ತಿಳಿಯುತ್ತದೆ.

ನಾವು ಮೊದಲು ಹೋದದ್ದು ತಪಸ್ಸುಕಾಲದಲ್ಲಿ, ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗಿನ ಪೂಜೆ ಮುಗಿಸಿಕೊಂಡು. ಆ ಬೀದಿಯಲ್ಲಿ ನಡೆಯುತ್ತಾ ನೋಡಿದರೆ ಅತ್ತೆಯವರ ಮನೆಯೊಂದೇ ಅಲ್ಲ, ಐದಾರು ಮನೆಗಳ ಮುಂದೆ ಗಿಡಗಳಿದ್ದವು. ಬಣ್ಣದ ಕಂಪನಿಯ 20 ಲೀಟರಿನ ಬಕೆಟ್ಟಿನಲ್ಲಿ ನಿಂಬೆ. ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ದಾಳಿಂಬೆ. ಒಡೆದ ಸಿಮೆಂಟ್ ತೊಟ್ಟಿಯಲ್ಲಿ ಪೇರಲ. ಅತ್ತೆಯವರ ಅಂಜೂರ ಇದ್ದದ್ದು ಹಳೆಯ ಕಲ್ಲುಬಾನಿಯಲ್ಲಿ. ಒಂದು ಕಾಲದಲ್ಲಿ ಎಮ್ಮೆಗೆ ಕಲಗಚ್ಚು ಹಾಕುತ್ತಿದ್ದ ಬಾನಿಯಂತೆ ಅದು. ಎಮ್ಮೆ ಮಾರಿದ ಮೇಲೆ ತಳ ಬಿರುಕುಬಿಟ್ಟಿತು, ನೀರು ನಿಲ್ಲದಾಯಿತು. ಎಸೆಯಲು ಮನಸ್ಸು ಬರಲಿಲ್ಲ, ಎತ್ತಲು ಆಳೂ ಇರಲಿಲ್ಲ. ಹಾಗೆ ಬಿದ್ದಿದ್ದ ಬಾನಿಗೆ ಅವರು ಮಣ್ಣು ತುಂಬಿ ಒಂದು ಅಂಜೂರದ ಕಡ್ಡಿ ಊರಿದರು. ಕುಂಡಕ್ಕೆ ತಳದಲ್ಲಿ ತೂತು ಬೇಕು ಎಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಇಲ್ಲಿ ಬಿರುಕೇ ಆ ಕೆಲಸ ಮಾಡಿತು.

ಅಂಜೂರ ಈ ಸೀಮೆಗೆ ಹೊಸದಲ್ಲ. ದೇಶದಲ್ಲಿ ಅಂಜೂರ ಬೆಳೆಯುವ ಜಾಗಗಳನ್ನು ಹೆಸರಿಸುವಾಗ ಪುಣೆಯ ಜೊತೆ ಬಳ್ಳಾರಿ, ಶ್ರೀರಂಗಪಟ್ಟಣ, ಅನಂತಪುರಗಳ ಹೆಸರು ಬಂದೇ ಬರುತ್ತದೆ. ಒಣಹವೆ ಅದಕ್ಕೆ ಒಗ್ಗುತ್ತದೆ. ಮಳೆ ಹೆಚ್ಚಾದರೆ ಎಲೆಗೆ ತುಕ್ಕುರೋಗ, ಹಣ್ಣು ಸಪ್ಪೆ. ಇನ್ನೊಂದು ಗುಣವೆಂದರೆ ಬೇರಿಗೆ ಜಾಗ ಇಕ್ಕಟ್ಟಾದರೆ ಅಂಜೂರ ಕೋಪಿಸಿಕೊಳ್ಳುವುದಿಲ್ಲ. ವಿಶಾಲವಾದ ನೆಲದಲ್ಲಿ ಅದು ಎಲೆ, ಕೊಂಬೆ ಎಂದು ಮೆರೆಯುತ್ತದೆ. ಕುಂಡದಲ್ಲಿ ಮೈ ಬೆಳೆಸುವುದನ್ನು ಬಿಟ್ಟು ಕಾಯಿ ಬಿಡುವ ಕಡೆ ತಿರುಗುತ್ತದೆ. ಅರ್ಧ ಡ್ರಮ್ಮಿನಷ್ಟು ಮಣ್ಣು ಸಿಕ್ಕರೆ ನೆಟ್ಟ ಎರಡನೆಯ ವರ್ಷಕ್ಕೆ ಹಣ್ಣು ನೋಡಬಹುದು. ನಮ್ಮ ಕಡೆ ಬೆಳೆಯುವ ಜಾತಿಗೆ ಪರಾಗ ಒಯ್ಯುವ ಹುಳವೂ ಬೇಕಿಲ್ಲ, ಜೊತೆಗೆ ಎರಡನೆಯ ಗಿಡವೂ ಬೇಕಿಲ್ಲ. ಒಂಟಿಯಾಗಿಯೇ ಫಲ ಕೊಡುತ್ತದೆ. ಹಣ್ಣು ಎಂದು ನಾವು ತಿನ್ನುವುದರ ಒಳಗೇ ಅದರ ಹೂಗಳಿರುತ್ತವೆ. ಆದ್ದರಿಂದ ಹೊರಗೆ ಹೂ ಕಾಣದೆ ನೇರವಾಗಿ ಕಾಯಿ ಮೂಡಿದಂತೆ ತೋರುತ್ತದೆ.

ಅಂದು ಆರು ಹಣ್ಣು ಮಾಗಿದ್ದವು. ಹಕ್ಕಿ ಕುಕ್ಕದಂತೆ ಒಂದೊಂದಕ್ಕೂ ಹಳೆಯ ಬಟ್ಟೆಯ ಚೀಲ ಕಟ್ಟಿದ್ದರು. ಕಿತ್ತ ಮೇಲೆ ಅಂಜೂರ ಸರಿಯಾಗಿ ಮಾಗುವುದಿಲ್ಲ. ಅದಕ್ಕೇ ದೂರದ ಪೇಟೆಗೆ ಹೋಗಲೆಂದು ಬೇಗ ಕಿತ್ತ ಹಣ್ಣಿಗೂ ಗಿಡದ ಮೇಲೇ ಕತ್ತು ಬಾಗಿ ಜೋತುಬಿದ್ದ ಹಣ್ಣಿಗೂ ಹೋಲಿಕೆಯೇ ಇಲ್ಲ. ನಮ್ಮ ಜೊತೆಗಿದ್ದ ಮಕ್ಕಳು ಅಂಜೂರ ಎಂದರೆ ದಾರಕ್ಕೆ ಪೋಣಿಸಿದ ಒಣಹಣ್ಣು ಎಂದೇ ತಿಳಿದಿದ್ದರು. ತೊಟ್ಟಿನ ಹಾಲು ತುಟಿಗೆ ತಾಗಿದರೆ ಉರಿಯುತ್ತದೆ ಎಂದು ಅತ್ತೆ ತಾವೇ ತೊಟ್ಟು ಮುರಿದು, ತೊಳೆದು, ಎರಡೆರಡು ಹೋಳು ಮಾಡಿ ಕೊಟ್ಟರು.

ಅವರ ಜಗುಲಿಯ ಮೇಲೆ ಕುಳಿತು ನಾವು ಮಾತಾಡಿದ್ದು ಲೂಕನ ಶುಭಸಂದೇಶದ 13ನೆಯ ಅಧ್ಯಾಯದ ಸಾಮತಿಯ ಬಗ್ಗೆ. ದ್ರಾಕ್ಷಿತೋಟದಲ್ಲಿ ಒಬ್ಬ ಅಂಜೂರದ ಮರ ನೆಟ್ಟಿದ್ದ. ಮೂರು ವರ್ಷ ಕಳೆದರೂ ಹಣ್ಣಿಲ್ಲ. ಕಡಿದುಹಾಕು, ನೆಲ ದಂಡ ಎನ್ನುತ್ತಾನೆ ಯಜಮಾನ. ತೋಟಗಾರ ಇನ್ನೊಂದು ವರ್ಷ ಗಡುವು ಕೇಳುತ್ತಾನೆ. ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಈ ಸಾಮತಿಯನ್ನು ತಪಸ್ಸುಕಾಲದ ಪ್ರಸಂಗಗಳಲ್ಲಿ ಎಷ್ಟೋ ಸಾರಿ ಕೇಳಿದ್ದೇವೆ. ಅದು ದೇವರ ತಾಳ್ಮೆಯ ಮಾತು ಎನ್ನುವುದು ಸರಿ. ಆದರೆ ಬೇಸಾಯದ ಮಾತೂ ಹೌದೆಂದು ತಿಳಿದದ್ದು ಇಲ್ಲಿ. ಕುಂಡದ ಗಿಡಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಬೇಕಾದದ್ದು ಅಕ್ಷರಶಃ ಅದೇ. ಅಂಚಿನ ಸುತ್ತ ಒಂದು ಗೇಣು ಅಗೆದು, ಕುಂಡದ ಗೋಡೆಗೆ ಸುತ್ತಿಕೊಂಡ ಹಳೆಯ ಬೇರನ್ನು ಕುಡುಗೋಲಿನಿಂದ ಕತ್ತರಿಸಿ ತೆಗೆದು, ಆ ಜಾಗಕ್ಕೆ ಹೊಸ ಮಣ್ಣು, ಹಳೆಯ ತಿಪ್ಪೆಗೊಬ್ಬರ ತುಂಬಬೇಕು. ಅತ್ತೆಯವರ ಗಿಡವೂ ಮೂರನೆಯ ವರ್ಷ ಕಾಯಿ ಉದುರಿಸಿ ಸೊರಗಿತ್ತಂತೆ. ಅಗೆದು ಗೊಬ್ಬರ ಹಾಕಿದ ಮೇಲೆ ಮತ್ತೆ ಚಿಗುರಿತು. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ವಾಗ್ದತ್ತ ನಾಡಿನ ಬೆಳೆಗಳ ಪಟ್ಟಿಯಿದೆ. ಅದರಲ್ಲಿ ಅಂಜೂರ, ದಾಳಿಂಬೆ ಅಕ್ಕಪಕ್ಕ ಬರುತ್ತವೆ. ಆ ಬೀದಿಯಲ್ಲೂ ಅವು ಅಕ್ಕಪಕ್ಕದ ಮನೆಗಳಲ್ಲೇ ಇದ್ದವು.

ಮಣ್ಣಿನ ಬಗ್ಗೆ ಕೇಳಿದೆವು. ಬಳ್ಳಾರಿಯವರಾದ ನಮಗೆ ಎರೆಮಣ್ಣಿನ ಮೇಲೆ ಅಭಿಮಾನ. ಹತ್ತಿ, ಜೋಳಕ್ಕೆ ಅದು ಚಿನ್ನ. ಆದರೆ ಕುಂಡಕ್ಕೆ ಬರೀ ಎರೆಮಣ್ಣು ಹಾಕಿದರೆ ಗಿಡಕ್ಕೆ ಉಸಿರು ಕಟ್ಟುತ್ತದೆ. ನೆನೆದಾಗ ಉಬ್ಬಿ ಅಂಟಾಗುತ್ತದೆ. ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರೆಲ್ಲಾ ಆ ಸಂದಿನಲ್ಲಿ ಇಳಿದು ಹೊರಗೆ ಹೋಗುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಅಲ್ಲಿಯವರ ಅಳತೆ ಹೀಗಿದೆ: ಎರಡು ಬುಟ್ಟಿ ಮಸಾರಿ ಮಣ್ಣು, ಒಂದು ಬುಟ್ಟಿ ಹಗರಿಯ ಮರಳು, ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹೊಲ ಮುಚ್ಚುವ ಮರಳು ಕುಂಡದಲ್ಲಿ ಉಪಕಾರಿ. ಮಡಕಶಿರಾದ ಕಡೆಯವರಿಗೆ ಕೆಂಪುಮಣ್ಣು ಸುಲಭವಾಗಿ ಸಿಗುವುದರಿಂದ ಈ ತಾಪತ್ರಯ ಕಡಿಮೆ. ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಮೂರು ಬೆರಳು ದಪ್ಪ ಹರಡುತ್ತಾರೆ. ಶೇಂಗಾದ ಸೀಮೆಯಲ್ಲಿ ಸಿಪ್ಪೆಗೆ ಬರವಿಲ್ಲ. ಬಿಸಿಲು ನೇರವಾಗಿ ಮಣ್ಣಿಗೆ ತಾಗುವುದಿಲ್ಲ, ತೇವ ನಿಲ್ಲುತ್ತದೆ, ವರ್ಷದ ಕೊನೆಗೆ ಅದೇ ಗೊಬ್ಬರ.

ನೀರಿನ ವಿಷಯವೇ ಕಠಿಣ. ನೆಲದಲ್ಲಿರುವ ಮರ ಬೇರನ್ನು ಆಳಕ್ಕೆ ಇಳಿಸಿ ನೀರು ಹುಡುಕಿಕೊಳ್ಳುತ್ತದೆ. ಕುಂಡದ ಮರಕ್ಕೆ ಆ ದಾರಿ ಇಲ್ಲ. ಅದು ಪೂರ್ತಿಯಾಗಿ ಮನೆಯವರ ಕೈಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ, ಸವಳು ನೀರು ಹಾಕಿದಾಗ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಕುಂಡದಲ್ಲೇ ಉಳಿಯುತ್ತದೆ. ದಿನ ದಿನವೂ ಉಪ್ಪು ಕೂಡುತ್ತಾ ಹೋಗಿ ಒಂದು ದಿನ ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ನೀರು ಸಾಲದೆ ಒಣಗಿತು ಎಂದುಕೊಂಡು ಇನ್ನಷ್ಟು ಅದೇ ನೀರು ಹಾಕುವವರಿದ್ದಾರೆ. ಮಾಡಬೇಕಾದದ್ದು ಬೇರೆ: ತಿಂಗಳಿಗೊಮ್ಮೆ ಸಿಹಿನೀರನ್ನು ತಳದಿಂದ ಹರಿದು ಹೋಗುವಷ್ಟು ಧಾರಾಳವಾಗಿ ಹಾಕಿ ಉಪ್ಪನ್ನು ತೊಳೆಯಬೇಕು. ಮಳೆ ಬಂದಾಗ ಸೂರಿನ ನೀರು ನೇರವಾಗಿ ಕುಂಡಕ್ಕೆ ಬೀಳುವಂತೆ ಇಟ್ಟರೆ ಇನ್ನೂ ಒಳ್ಳೆಯದು. ಈಗ ಹಳ್ಳಿ ಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅಲ್ಲಿ ಹೊರಗೆ ಬಿಡುವ ನೀರು ದಂಡವಾಗುತ್ತದಲ್ಲಾ ಎಂದು ಕುಂಡಕ್ಕೆ ತಂದು ಹಾಕುವುದು ಬೇಡ. ಮೂಲ ನೀರಿನ ಉಪ್ಪೆಲ್ಲಾ ಸೇರಿರುವುದು ಅದರಲ್ಲೇ. ಅತ್ತೆಯವರ ಅಂಜೂರಕ್ಕೆ ಸಿಗುವುದು ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು. ಸಾಬೂನಿನ ನೀರನ್ನು ಅವರು ಹತ್ತಿರಕ್ಕೂ ತರುವುದಿಲ್ಲ. ಬಾನಿಯ ಮಧ್ಯೆ ಕತ್ತಿನವರೆಗೆ ಒಂದು ಮಣ್ಣಿನ ಕುಡಿಕೆ ಹೂತಿದ್ದಾರೆ. ಅದಕ್ಕೆ ನೀರು ತುಂಬಿ ಮುಚ್ಚಿಟ್ಟರೆ ನಿಧಾನವಾಗಿ ಜಿನುಗುತ್ತಾ ಬೇರಿಗೆ ಸೇರುತ್ತದೆ. ಮೇಲಿನಿಂದ ಸುರಿಯುವುದಕ್ಕಿಂತ ಬಹಳ ಕಡಿಮೆ ನೀರು ಸಾಕು.

ಉಪ್ಪು ತಾಳುವ ಶಕ್ತಿ ಎಲ್ಲಾ ಗಿಡಕ್ಕೂ ಒಂದೇ ಅಲ್ಲ. ಅಂಜೂರ, ದಾಳಿಂಬೆ, ಸಪೋಟ, ಬಾರೆಹಣ್ಣು ಸಾಕಷ್ಟು ತಾಳುತ್ತವೆ. ಪೇರಲ ಸುಮಾರು. ನಿಂಬೆ, ಮೋಸಂಬಿ, ಮಾವು ತಾಳುವುದಿಲ್ಲ. ಮೋಸಂಬಿಗೆ ಅನಂತಪುರದ ಕಡೆ ಚೀನಿ ಎನ್ನುತ್ತಾರೆ; ಜಿಲ್ಲೆಯ ತೋಟಗಳಲ್ಲಿ ಅದರದೇ ದರ್ಬಾರು, ಆದರೆ ಅದು ಒಳ್ಳೆಯ ನೀರಿರುವ ಕಡೆಯ ಮಾತು. ಎದುರು ಮನೆಯ ಬಕೆಟ್ಟಿನ ನಿಂಬೆಗೆ ಎಲೆಗಳೆಲ್ಲಾ ಹಳದಿಯಾಗಿದ್ದವು. ನಮ್ಮ ಓದುಗರಲ್ಲಿ ಮಂಗಳೂರು, ಶಿವಮೊಗ್ಗದ ಕಡೆ ಸಿಹಿನೀರು ಇರುವವರು ನಿಂಬೆಯನ್ನು ಧೈರ್ಯವಾಗಿ ಬೆಳೆಯಬಹುದು. ಬೋರ್‌ವೆಲ್ಲಿನ ಗಡುಸು ನೀರನ್ನು ನಂಬಿದವರು ದಾಳಿಂಬೆಯಿಂದ ಆರಂಭಿಸುವುದು ಮೇಲು.

ದಾಳಿಂಬೆಗೆ ಒಂದು ಹಠವಿದೆ. ನೀರು ಕೊಟ್ಟರೆ ಒಂದೇ ಸಮನಾಗಿ ಕೊಡಬೇಕು. ಎಂಟು ದಿನ ಒಣಗಿಸಿ ಒಂಬತ್ತನೆಯ ದಿನ ಎರಡು ಕೊಡ ಸುರಿದರೆ ಒಳಗಿನ ಕಾಳು ಉಬ್ಬಿ, ಗಟ್ಟಿಯಾದ ಸಿಪ್ಪೆ ಬಿರಿದು ಹಣ್ಣು ಒಡೆಯುತ್ತದೆ. ತೋಟದ ದಾಳಿಂಬೆಯ ಕಥೆ ನಮ್ಮ ಜಿಲ್ಲೆಯವರಿಗೆ ಗೊತ್ತೇ ಇದೆ. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ರೋಗ ಬಂದು ಬಳ್ಳಾರಿ, ಕೊಪ್ಪಳ, ಬಾಗಲಕೋಟೆ, ಈ ಕಡೆ ಅನಂತಪುರದವರೆಗೂ ಎಷ್ಟೋ ಬೆಳೆಗಾರರು ಗಿಡ ಕಿತ್ತುಹಾಕಿದರು. ಮನೆಯ ಮುಂದಿನ ಒಂದು ಗಿಡಕ್ಕೆ ಆ ಭಯ ಕಡಿಮೆ. ಎಲೆಯ ಮೇಲೆ ಎಣ್ಣೆಯಂಥ ಚುಕ್ಕೆ ಕಂಡ ಕೊಂಬೆಯನ್ನು ಕೂಡಲೇ ಕತ್ತರಿಸಿ ಸುಟ್ಟರೆ ಬಹುಪಾಲು ಉಳಿಯುತ್ತದೆ. ಸಸಿ ತರುವಾಗ ಕಸಿ ಕಟ್ಟಿದ್ದನ್ನೋ ಗೂಟಿ ಕಟ್ಟಿದ್ದನ್ನೋ ತರಬೇಕು. ಬೀಜದಿಂದ ಎದ್ದ ಮಾವು, ಸಪೋಟಗಳು ಕುಂಡದಲ್ಲಿ ವರ್ಷಗಟ್ಟಲೆ ನೀರು ಕುಡಿದು ಎಲೆಯನ್ನಷ್ಟೇ ತೋರಿಸುತ್ತವೆ. ಕಸಿಯ ಗಂಟಿನ ಕೆಳಗೆ ಬರುವ ಚಿಗುರನ್ನು ಚಿವುಟಬೇಕು; ಬಿಟ್ಟರೆ ಮೇಲಿನ ಒಳ್ಳೆಯ ಜಾತಿಯನ್ನು ಅದು ನುಂಗಿಹಾಕುತ್ತದೆ.

ಬಾದಾಮಿ, ಗೋಡಂಬಿ ಬೆಳೆಯಲಾಗದೇ ಎಂದು ನಮ್ಮ ಮಕ್ಕಳು ಕೇಳಿದರು. ಪೇಟೆಯಲ್ಲಿ ಸಿಗುವ ಬಾದಾಮಿಯ ಮರಕ್ಕೆ ಚಳಿಗಾಲದ ಕೊರೆಯುವ ಚಳಿ ಬೇಕು. ಕಾಶ್ಮೀರಕ್ಕೆ ಸರಿ, ಬೊಮ್ಮನಹಾಳಿಗೆ ಅಲ್ಲ. ಆರೋನನ ಕೋಲು ಚಿಗುರಿ ಬಾದಾಮಿ ಬಿಟ್ಟದ್ದು ಅದ್ಭುತದಿಂದ. ನಮ್ಮ ಕೋಲುಗಳಿಂದ ಅದನ್ನು ನಿರೀಕ್ಷಿಸುವಂತಿಲ್ಲ. ನಮ್ಮ ಕಡೆ ಶಾಲೆಯ ಅಂಗಳಗಳಲ್ಲಿ ಕಾಣುವ ಅಗಲ ಎಲೆಯ ಕಾಡುಬಾದಾಮಿ ಬೇರೆ ಜಾತಿ, ಅದು ಕುಂಡದಲ್ಲಿ ಹಿಡಿಸುವ ಮರವಲ್ಲ. ಗೋಡಂಬಿ ಪೋರ್ಚುಗೀಸರ ಜೊತೆ ನಮ್ಮ ದೇಶಕ್ಕೆ ಬಂದದ್ದು, ಪೇರಲ, ಪರಂಗಿ, ಅನಾನಸುಗಳೂ ಅವರ ಹಡಗಿನವೇ. ಕಸಿ ಗೋಡಂಬಿಯನ್ನು ದೊಡ್ಡ ಡ್ರಮ್ಮಿನಲ್ಲಿ ಬೆಳೆಸಬಹುದು ಎನ್ನುತ್ತಾರೆ, ಬೆಳೆಸಿದವರೂ ಇದ್ದಾರೆ. ಆದರೆ ನಮ್ಮ ಅಭಿಪ್ರಾಯದಲ್ಲಿ ಅದು ಶೋಕಿ. ಸಿಗುವುದು ಹಿಡಿಯಷ್ಟು ಬೀಜ. ಅದರ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಮನೆಯಲ್ಲಿ ಹುರಿದು ಸುಲಿಯುವುದು ಮಕ್ಕಳಿರುವ ಕಡೆ ಅಪಾಯ. ಈ ಸೀಮೆಯ ಬಡವರ ಬಾದಾಮಿ ಶೇಂಗಾ. ಅದು ಮರದ್ದಲ್ಲ, ಕುಂಡವೂ ಬೇಡ.

ಎರಡನೆಯ ಸಾರಿ ಹೋದದ್ದು ಆಷಾಢದಲ್ಲಿ. ಆ ಗಾಳಿಯ ಮಧ್ಯೆ ಬೀದಿಯಲ್ಲಿ ನಿಂತು ಮಾತಾಡುವಂತಿರಲಿಲ್ಲ, ಹಲ್ಲಿನ ಸಂದಿಗೂ ಮರಳು. ಗಿಡಗಳನ್ನೆಲ್ಲಾ ಗೋಡೆಯ ಮರೆಗೆ ಸರಿಸಿ, ಒಂದಕ್ಕೊಂದು ತಾಗಿಸಿ ಇಟ್ಟಿದ್ದರು. ಬಾನಿಯನ್ನು ಸರಿಸಲಾಗದಿದ್ದುದರಿಂದ ಅದರ ಸುತ್ತ ಜೋಳದ ದಂಟಿನ ತಟ್ಟಿ ಕಟ್ಟಿದ್ದರು. ಡ್ರಮ್ಮುಗಳಿಗೆ ಹಳೆಯ ಜೀನ್ಸ್ ಬಟ್ಟೆಯ ತುಂಡು ಸುತ್ತಿದ್ದನ್ನು ಕಂಡು ಕೇಳಿದೆವು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸ ಬಹಳ. ಅಲ್ಲಿಗೆ ಹೋಗುವ ಹೆಣ್ಣುಮಕ್ಕಳು ಉಳಿದ ತುಂಡುಗಳನ್ನು ತರುತ್ತಾರೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಬೇರು ಬೆಂದೇ ಹೋಗುತ್ತದೆ. ದಪ್ಪ ಬಟ್ಟೆ ನೆನೆಸಿ ಸುತ್ತಿದರೆ ಒಳಗೆ ತಂಪು. ಗೋಣಿಚೀಲವಾದರೂ ಸರಿ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಕಿತ್ತಳೆ, ನಿಂಬೆಯ ಮರಗಳನ್ನು ಮರದ ಪೆಟ್ಟಿಗೆಗಳಲ್ಲಿ ಬೆಳೆಸುತ್ತಾರೆ. ಚಳಿಯಿಂದ ಕಾಪಾಡಲು ಅವುಗಳಿಗೆಂದೇ 1680ರ ದಶಕದಲ್ಲಿ ದೊಡ್ಡ ಕಟ್ಟಡ ಕಟ್ಟಿದರು. ಇಂದಿಗೂ ಆ ಪೆಟ್ಟಿಗೆಗಳು ಬೇಸಿಗೆಗೆ ಹೊರಗೆ ಬಂದು ಚಳಿಗಾಲಕ್ಕೆ ಒಳಗೆ ಹೋಗುತ್ತವೆ. ರಾಜನ ಮನೆಯಲ್ಲಿ ಮರ ಚಳಿಗೆ ಹೆದರಿ ಒಳಗೆ ಹೋದರೆ, ಇಲ್ಲಿ ಬಿಸಿಲಿಗೂ ಗಾಳಿಗೂ ಹೆದರಿ ಗೋಡೆಯ ಮರೆಗೆ ಸರಿಯುತ್ತದೆ.

ಈ ಜಿಲ್ಲೆಯಲ್ಲಿ ಹಣ್ಣಿನ ಮರದ ಮಾತು ಬಂದಾಗ ವಿನ್ಸೆಂಟ್ ಫೆರರ್ ಅವರ ಹೆಸರು ಬಾರದೆ ಇರುವುದಿಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿ, ಯೇಸುಸಭೆಗೆ ಸೇರಿ, 1952ರಲ್ಲಿ ಭಾರತಕ್ಕೆ ಬಂದವರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರ ಜೊತೆ ಬಾವಿ ತೋಡಿಸಿದರು. 1968ರಲ್ಲಿ ದೇಶ ಬಿಡಬೇಕಾಗಿ ಬಂದಿತು. 1969ರಲ್ಲಿ ಮರಳಿ ಅನಂತಪುರಕ್ಕೆ ಬಂದು ಗ್ರಾಮೀಣ ಅಭಿವೃದ್ಧಿ ಟ್ರಸ್ಟನ್ನು ಆರಂಭಿಸಿದರು. 1970ರಲ್ಲಿ ಯೇಸುಸಭೆಯನ್ನು ಬಿಟ್ಟು ವಿವಾಹವಾದರು. ಆದರೆ ಅನಂತಪುರವನ್ನು ಬಿಡಲಿಲ್ಲ; 2009ರ ಜೂನ್ 19ರಂದು ಇಲ್ಲಿಯೇ ತೀರಿಕೊಂಡರು. ಅವರ ಟ್ರಸ್ಟು ಮಳೆನೀರು ತಡೆಯುವ ಕಟ್ಟೆಗಳು, ಮನೆಗಳು, ಆಸ್ಪತ್ರೆಗಳ ಜೊತೆಗೆ ಒಣಬೇಸಾಯದ ರೈತರ ಹೊಲದಲ್ಲಿ ಹನಿ ನೀರಾವರಿಯಿಂದ ಹಣ್ಣಿನ ತೋಟ ಎಬ್ಬಿಸುವ ಕೆಲಸ ಮಾಡಿತು. ಕಣೇಕಲ್ಲಿನಲ್ಲೂ ಅವರ ಆಸ್ಪತ್ರೆ ಇದೆ. ಹನಿ ಹನಿಯಾಗಿ ನೀರು ಕೊಟ್ಟರೆ ಮರ ಬದುಕುತ್ತದೆ ಎಂಬ ಮಾತು ಇಲ್ಲಿಯ ಜನಕ್ಕೆ ಈಗ ಹೊಸದಲ್ಲ. ಹೊಲವಿಲ್ಲದವರು ಅದನ್ನು ಕುಡಿಕೆಯಿಂದ ಮಾಡಿಕೊಂಡಿದ್ದಾರೆ.

ಆದರೆ ಕುಂಡದ ಮರಕ್ಕೆ ಇಲ್ಲಿ ಬರುವ ದೊಡ್ಡ ಕುತ್ತು ಬಿಸಿಲೂ ಅಲ್ಲ, ಉಪ್ಪೂ ಅಲ್ಲ. ಗುಳೆ. ಸುಗ್ಗಿ ಮುಗಿದ ಮೇಲೆ ಕೂಲಿ ಇಲ್ಲ. ಗಂಡ, ಹೆಂಡತಿ, ಶಾಲೆ ಬಿಡಿಸಿದ ಮಕ್ಕಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಮನೆಗೆ ಬೀಗ. ಹೊಲದ ಬೇವು, ಹುಣಸೆಗಳು ಯಾರ ಹಂಗೂ ಇಲ್ಲದೆ ನಿಲ್ಲುತ್ತವೆ. ಬೀಗ ಹಾಕಿದ ಮನೆಯ ಮುಂದಿನ ಡ್ರಮ್ಮಿನ ಗಿಡ ಬೇಸಿಗೆಯಲ್ಲಿ ಹತ್ತು ದಿನ ನಿಲ್ಲುವುದು ಕಷ್ಟ. ಮಾರ್ಚಿಯಲ್ಲಿ ನಾವು ಕಂಡ ದಾಳಿಂಬೆಯ ಮನೆಗೆ ಬೀಗ ಬಿದ್ದಿತ್ತು. ಆದರೂ ಗಿಡ ಹಸಿರಾಗಿತ್ತು. ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದಕ್ಕೂ ಸರದಿ. ಯಾರು ನೀರು ಹಾಕುತ್ತಾರೆ ಎಂದು ಕೇಳಿದ್ದಕ್ಕೆ ಅತ್ತೆ ನಮ್ಮನ್ನೇ ಗದರಿದರು.

“ಬೀಗ ಹಾಕಿರೋದು ಮನೀಗೆ ಕಣ್ರೋ, ಗಿಡಕ್ಕಲ್ಲ. ನಾ ಎರಡು ಕೊಡ ತಂದ್ರೆ ಒಂದು ನನಗ. ಇನ್ನೊಂದ್ರಾಗ ಇವೆರಡೂ ಪಾಲು ಹಂಚ್ಕೊಂತಾವ.”

ಅವರ ಇಬ್ಬರು ಗಂಡುಮಕ್ಕಳೂ ಬೆಂಗಳೂರಿನಲ್ಲೇ ಇದ್ದಾರೆ. ದೊಡ್ಡವನು ಅಮ್ಮನನ್ನೂ ಅಲ್ಲಿಗೇ ಕರೆಯುತ್ತಿದ್ದಾನೆ. ಶೆಡ್ಡಿನಲ್ಲಿ ಮಲಗಲು ಜಾಗವಿದೆ, ಮೊಮ್ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ಹೋಗುವುದೋ ಬಿಡುವುದೋ ಎನ್ನುವುದು ನಮ್ಮ ಮೂರು ಭೇಟಿಗಳಲ್ಲೂ ಜಗುಲಿಯ ಮೇಲೆ ಬಂದ ಮಾತು. ಅವರಿಗೆ ಎಪ್ಪತ್ತು ದಾಟಿದೆ. ರಾತ್ರಿ ಜ್ವರ ಬಂದರೆ ಬಾಗಿಲು ಬಡಿಯುವುದಕ್ಕೆ ಪಕ್ಕದ ಮನೆಯಲ್ಲಿ ಆರು ತಿಂಗಳು ಜನರಿಲ್ಲ. ಗಿಡಕ್ಕಾಗಿ ಹಳ್ಳಿಯಲ್ಲಿ ಉಳಿಯಬೇಕೇ ಎಂದು ನಾವೂ ಕೇಳಿದೆವು. ಗಿಡಕ್ಕಾಗಿ ಅಲ್ಲ ಎಂದು ಹೇಳಿದರು, ಮತ್ತೆ ಸುಮ್ಮನಾದರು. ನಮ್ಮ ಮೂರು ಕುಟುಂಬಗಳಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಅಮ್ಮ ಮಕ್ಕಳ ಜೊತೆ ಇರಲಿ ಎನ್ನುವವರು ಕೆಲವರು. ಸಿಮೆಂಟಿನ ಧೂಳಿನ ಶೆಡ್ಡಿಗೆ ಅವರನ್ನು ಕರೆದೊಯ್ಯುವುದು ಯಾರ ಅನುಕೂಲಕ್ಕೆ ಎನ್ನುವವರು ಕೆಲವರು. ಆಷಾಢದಲ್ಲಿ ಪಕ್ಕದ ಮನೆಯವರು ಬಿತ್ತನೆಗೆಂದು ಮರಳಿ ಬಂದಿದ್ದರು. ದಾಳಿಂಬೆಯಲ್ಲಿ ಹೂವು ಕಂಡು ಆ ಮನೆಯಾಕೆ ಅತ್ತೆಯವರಿಗೆ ಬೆಂಗಳೂರಿನಿಂದ ತಂದ ಒಂದು ಸೀರೆ ಕೊಟ್ಟಳಂತೆ. ಅತ್ತೆ ಅದನ್ನು ನಮಗೆ ಎರಡು ಸಾರಿ ತೋರಿಸಿದರು.

ಮೂರನೆಯ ಸಾರಿ ಹೋದದ್ದು ಅಕ್ಟೋಬರ್‌ನಲ್ಲಿ, ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದಾಗ. ಅಂಜೂರವನ್ನು ಸವರುವ ಕಾಲ ಅದು. ಹೊಸ ಚಿಗುರಿನಲ್ಲೇ ಕಾಯಿ ಬರುವುದರಿಂದ ಮಳೆ ಹಿಂದೆಗೆದ ಮೇಲೆ ಹಳೆಯ ಕೊಂಬೆಗಳನ್ನು ಮೋಟು ಮಾಡುತ್ತಾರೆ. ಗಿಡ ಎದೆಯೆತ್ತರ ದಾಟದಂತೆ ನೋಡಿಕೊಂಡರೆ ಬಾನಿಯ ಮಣ್ಣು ಅದನ್ನು ಹೊರುತ್ತದೆ. ದೊಡ್ಡ ಮಗ ಕ್ರಿಸ್ಮಸ್ಸಿಗೆ ಬಂದಾಗ ಅಮ್ಮನನ್ನು ಕರೆದುಕೊಂಡು ಹೋಗುವುದೆಂದು ಆ ವೇಳೆಗೆ ನಿಶ್ಚಯವಾಗಿತ್ತು, ಬೇಸಿಗೆ ಕಳೆಯುವವರೆಗೆ ಮಾತ್ರ ಎಂಬ ಕರಾರಿನ ಮೇಲೆ. ಬಾನಿಗೆ ನೀರು ಹಾಕುವ ಹೊಣೆ ಎದುರು ಮನೆಯ ನಿಂಬೆಯವರದು. ಆದರೂ ಅತ್ತೆ ಜಾಗ್ರತೆ ಮಾಡಿದ್ದರು. ಬಾನಿ ಹೊತ್ತು ಬೆಂಗಳೂರಿಗೆ ಹೋಗಲಾಗದು, ಕಡ್ಡಿ ಹೋಗಬಲ್ಲದು. ಸವರಿದ ಕೊಂಬೆಗಳಲ್ಲಿ ಹೆಬ್ಬೆರಳ ದಪ್ಪದ, ಗೇಣುದ್ದದ ಕಡ್ಡಿಗಳನ್ನು ಆರಿಸಿ, ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಒಸರುವ ಹಾಲು ಒಂದು ದಿನ ಆರಿದ ಮೇಲೆ ಒದ್ದೆ ಮರಳಿನಲ್ಲಿ ಮುಕ್ಕಾಲು ಭಾಗ ಹೂಳಬೇಕು. ನೆರಳು ಬೇಕು, ತೇವ ಬೇಕು, ನೀರು ನಿಲ್ಲಬಾರದು. ತಿಂಗಳು ಒಂದೂವರೆ ತಿಂಗಳಲ್ಲಿ ಬೇರು ಬಿಡುತ್ತದೆ. ಅಲ್ಲಿಯವರೆಗೆ ಕಿತ್ತು ನೋಡುವ ಚಪಲ ಮಕ್ಕಳಿಗೂ ಬೇಡ, ದೊಡ್ಡವರಿಗೂ ಬೇಡ.

ಹನ್ನೆರಡು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟರು. ಹಗರಿಯ ಮರಳನ್ನೂ ಒಂದು ಚೀಲ ತುಂಬಿಕೊಂಡು ಬಂದೆವು. ಹನ್ನೆರಡರಲ್ಲಿ ಒಂಬತ್ತು ಚಿಗುರಿವೆ. ಎರಡು ಬಕೆಟ್ಟಿನಲ್ಲಿ ಅತ್ತೆಯವರ ಜೊತೆ ಬೆಂಗಳೂರಿಗೆ ಹೋದವು. ಶೆಡ್ಡಿನ ಬಾಗಿಲಿಗೆ ಇಟ್ಟಿದ್ದಾರಂತೆ, ಮೊಮ್ಮಗಳು ನೀರು ಹಾಕುತ್ತಾಳಂತೆ. ಮೂರು ನಮ್ಮ ಮೂರು ಮನೆಗಳ ಮಹಡಿಯ ಮೇಲಿವೆ. ಉಳಿದ ನಾಲ್ಕು ದೇವಾಲಯದ ಹಿಂದಿನ ಬಾವಿಕಟ್ಟೆಯ ನೆರಳಿನಲ್ಲಿವೆ. ಬೇಕಾದವರು ಭಾನುವಾರದ ಎರಡನೆಯ ಪೂಜೆಯ ನಂತರ ಬಂದು ಒಯ್ಯಬಹುದು. ತಳಕ್ಕೆ ತೂತು ಹಾಕಿದ ಬಕೆಟ್ಟನ್ನು ತಾವೇ ತರಬೇಕು.